ತಿಳಿ ಆಕಾಶದ ಪಾಳಿ

ಸಿಡಿಲು ಎಲ್ಲಿ ಬೀಳಲಿದೆ ಎಂಬುದು ಅದು ಬೀಳುವುದಕ್ಕೆ ಮುಂಚೆಯೇ ತಿಳಿಯುವಂತಾದ ಮೇಲೆ ಗದಗ ಸೀಮೆಯ ಹೊಲಗಳಲ್ಲಿ ಸಿಡಿಲಿನ ಸಾವು ಅಪರೂಪವಾಗಿತ್ತು. ಗುಡ್ಡದ ಮೇಲಿನ ಗಾಳಿಯಂತ್ರಗಳ ಕಂಬಗಳಿಗೆಲ್ಲ ಅಂಗೈಯಗಲದ ಒಂದೊಂದು ತಟ್ಟೆ ಜೋಡಿಸಿದ್ದರು. ಮೋಡದ ಹೊಟ್ಟೆಯಲ್ಲಿ ವಿದ್ಯುತ್ತು ತುಂಬಿಕೊಳ್ಳುತ್ತ ಹೋದಂತೆ ಕೆಳಗಿನ ಗಾಳಿಯೂ ಬಿಗಿಯುತ್ತದೆ. ಆ ಬಿಗಿತವನ್ನು ತಟ್ಟೆಗಳು ಅಳೆದು ಊರಿನ ಎಚ್ಚರಿಕೆ ಕೇಂದ್ರಕ್ಕೆ ಕಳಿಸುತ್ತಿದ್ದವು. ಕೇಂದ್ರದ ಗೋಡೆಯ ತುಂಬ ಒಂದು ನಕಾಶೆ. ಬಿಗಿತ ಏರಿದ ಕಡೆ ನಕಾಶೆ ಹಳದಿಯಾಗುತ್ತದೆ, ಇನ್ನೂ ಏರಿದರೆ ಕೇಸರಿ. ಎದುರಿಗೆ ಕೂತ ಕಾವಲಿನವರು ಬಣ್ಣ ನೋಡಿ, ಗಾಳಿಯ ದಿಕ್ಕು ನೋಡಿ, ಇದು ನಿಜವೋ ಸುಳ್ಳೋ ಎಂದು ತೂಗಿ, ಆ ಊರಿನ ಸೈರನ್ ಒತ್ತಬೇಕು. ಮೊದಮೊದಲು ಯಂತ್ರವೇ ಒತ್ತುತ್ತಿತ್ತು. ಅದು ಹತ್ತು ಸಲ ಕೂಗಿದರೆ ಸಿಡಿಲು ಬೀಳುತ್ತಿದ್ದುದು ಒಂದು ಸಲ. ಹಾಗಾಗಿ ಕೂಗು ಕೇಳಿದರೂ ಜನ ಬಗ್ಗಿದ ಸೊಂಟ ಎತ್ತದಂತಾದರು. ಆಮೇಲೆ, ಮನುಷ್ಯರ ಕಣ್ಣು ಬೇಕೇ ಬೇಕು ಎಂದು ನಿಯಮವಾಯಿತು.

ಮಹಾನಂದಾ ಹೊಂಬಳ ಅಂಥ ಕಾವಲಿನವಳು. ಮನೆಯಲ್ಲೂ ಕೇಂದ್ರದಲ್ಲೂ ಎಲ್ಲರಿಗೂ ನಂದಾ. ವಯಸ್ಸು ನಲವತ್ತರ ಹತ್ತಿರ. ನಾಲ್ಕೂ ದಿಕ್ಕಿನಿಂದ ಮೋಡ ನುಗ್ಗಿ ನಕಾಶೆಯ ತುಂಬ ಬಣ್ಣ ಕುದಿಯುವ ದಿನ ಅವಳ ಕೆಲಸ ನೋಡಬೇಕು. ಕಣ್ಣು ಒಂದು ಊರಿನ ಮೇಲೆ, ಕೈ ಇನ್ನೊಂದು ಊರಿನ ಗುಂಡಿಯ ಮೇಲೆ, ಬಾಯಲ್ಲಿ ಮೂರನೆಯ ಊರಿನ ಹೆಸರು. ಆದರೆ ತಿಳಿ ಆಕಾಶದ ದಿನ, ಒಂದೇ ಬಣ್ಣದ ಗೋಡೆಯ ಮುಂದೆ ಸುಮ್ಮನೆ ಕೂರುವುದೆಂದರೆ ಅವಳಿಗೆ ಮೈಮೇಲೆ ಇರುವೆ ಹರಿದಂತೆ. ಕಾಲು ಅಲುಗಿಸುತ್ತಿದ್ದಳು, ಪೆನ್ನಿನ ಮುಚ್ಚಳ ಕಚ್ಚುತ್ತಿದ್ದಳು, ತನ್ನ ಕೈಯನ್ನು ತಾನೇ ಚಿವುಟಿಕೊಳ್ಳುತ್ತಿದ್ದಳು. ಪಾಳಿ ಮುಗಿಸಿ ಮನೆಗೆ ಬಂದಾಗ ಇಡೀ ದಿನ ಕಲ್ಲು ಹೊತ್ತವರಂತೆ ದಣಿದಿರುತ್ತಿದ್ದಳು.

ಅಂಥದೊಂದು ಏಪ್ರಿಲ್ ಮಧ್ಯಾಹ್ನ ಎರೆಬೂದಿಹಾಳ ಎಂಬ ಊರಿನ ಮೇಲೆ ಒಂದೇ ಒಂದು ಮೋಡ ಬಂದು ನಿಂತಿತು. ನಂದಾ ಅದನ್ನು ನೋಡಿದಳು. ಹಳದಿಯಾದದ್ದೂ ಅವಳಿಗೆ ಗೊತ್ತಾಯಿತು. ಗಾಳಿ ನೋಡೋಣವೆಂದು ಪಕ್ಕದ ಪರದೆ ತೆರೆದಳು. ಅಲ್ಲಿ ಒಂದು ಕಂಬದ ತಟ್ಟೆ ತಪ್ಪು ಅಂಕಿ ತೋರಿಸುವಂತೆ ಕಂಡಿತು. ಹಕ್ಕಿ ಗೂಡು ಕಟ್ಟಿರಬಹುದೇ ಎಂದು ಆ ಕಂಬದ ಚಿತ್ರ ತೆಗೆದಳು. ನಿಜಕ್ಕೂ ಗೂಡಿತ್ತು. ಯಾವ ಹಕ್ಕಿಯದು? ಗರಿಯ ಬಣ್ಣ ನೋಡಲು ಚಿತ್ರ ದೊಡ್ಡದು ಮಾಡಿದಳು. ದುರಸ್ತಿಯವರು ಗೂಡು ಕಿತ್ತೆಸೆಯದ ಹಾಗೆ ಹೇಳಬೇಕೆಂದು ಅವರಿಗೆ ಸಂದೇಶ ಬರೆಯತೊಡಗಿದಳು. ಸಂದೇಶದ ನಡುವೆ, ಪಕ್ಕದ ಮೇಜಿನಿಂದ ಗುಂಡಿ ಒತ್ತಿದ ಸದ್ದು ಕೇಳಿಸಿತು.

"ನಂದವ್ವ, ಎರೆಬೂದಿಹಾಳ ನಾ ಒತ್ತೀನಿ" ಎಂದರು ದಾವಲಸಾಬರು. ಕೇಂದ್ರ ಶುರುವಾದಾಗಿನಿಂದ ಇದ್ದ ಹಿರಿಯ ಕಾವಲಿನವರು ಅವರು. ದನಿಯಲ್ಲಿ ಸಿಟ್ಟಿರಲಿಲ್ಲ.

ನಂದಾ ತಲೆಯೆತ್ತಿದಾಗ ಎರೆಬೂದಿಹಾಳ ಕಡು ಕೇಸರಿಯಾಗಿತ್ತು. ಶೇಂಗಾ ಕೀಳುತ್ತಿದ್ದ ಹೆಂಗಸರು ಸೈರನ್ ಕೇಳಿ ಪಂಪಿನ ಮನೆಯೊಳಗೆ ಓಡಿದರು. ಅವರು ಬುತ್ತಿ ಇಟ್ಟಿದ್ದ ಬೇವಿನ ಮರ ಆಮೇಲೆ ಸೀಳಿಹೋಯಿತು. ಯಾರಿಗೂ ಏನೂ ಆಗಲಿಲ್ಲ ಎಂದು ಊರಿನಿಂದ ಫೋನು ಬಂತು. ನಂದಾ ಹೊರಗೆ ಹೋಗಿ ನಳದ ಕೆಳಗೆ ಮುಖವೊಡ್ಡಿ ಬಹಳ ಹೊತ್ತು ನಿಂತಳು.

ಮನೆಯಲ್ಲಿ ಅವಳ ಗಂಡ ಫಕೀರೇಶ ರೊಟ್ಟಿ ಬಿಸಿ ಮಾಡುತ್ತಿದ್ದ. ಅವನದು ಒಂದು ಸಣ್ಣ ಮುದ್ರಣಾಲಯ, ಕ್ಯಾಲೆಂಡರ್ ಮತ್ತು ಲಗ್ನಪತ್ರಿಕೆಯ ಕೆಲಸ. ನಂದಾ ಹಾಲಿಟ್ಟು ಮರೆಯುತ್ತಾಳಾದ್ದರಿಂದ, ಒಲೆಯ ಮೇಲೆ ಹಾಲಿದ್ದಾಗ ಅಡುಗೆಮನೆ ಬಿಟ್ಟು ಕದಲಬಾರದೆಂದು ಅವನು ತನಗೆ ತಾನೇ ಹಾಕಿಕೊಂಡ ಕಟ್ಟಳೆಗೆ ಅವರ ಲಗ್ನದಷ್ಟೇ ವಯಸ್ಸು. ನಂದಾ ನಡೆದದ್ದನ್ನೆಲ್ಲ ಹೇಳಿದಳು. ಹೇಳಿ, "ನಾ ಧಾರವಾಡಕ್ಕ ಹೋಗಿ ತೋರಿಸ್ಕೋತೀನ್ರಿ" ಎಂದಳು.

ಏನನ್ನು ಎಂದು ಅವನು ಕೇಳಲಿಲ್ಲ. ಒಂದು ವರ್ಷದ ಹಿಂದೆ ಕೇಂದ್ರದ ತರಬೇತಿಗೆ ಧಾರವಾಡದಿಂದ ಬಂದಿದ್ದ ಡಾಕ್ಟರೊಬ್ಬರು ದೊಡ್ಡವರಲ್ಲೂ ಕಾಣುವ, ಗಮನ ಒಂದೆಡೆ ನಿಲ್ಲದ ತೊಂದರೆಯಾದ ಎಡಿಎಚ್‌ಡಿ ಬಗ್ಗೆ ಮಾತಾಡಿದ್ದರು. ಆ ದಿನ ನಂದಾ ಮನೆಗೆ ಬಂದು, "ಅವರು ನನ್ನ ಹೆಸರೊಂದು ಹೇಳಲಿಲ್ಲ ನೋಡ್ರಿ, ಉಳಿದದ್ದೆಲ್ಲ ನಂದ" ಎಂದಿದ್ದಳು. ಅಂದಿನಿಂದ ಇಬ್ಬರ ನಡುವೆ ಆ ಮಾತು ಹಾಗೇ ಕೂತಿತ್ತು.

"ತೋರಿಸ್ಕೊಳ್ಳೂದಕ್ಕ ಬ್ಯಾಡನಂಗಿಲ್ಲ" ಎಂದ ಫಕೀರೇಶ. "ಖರೆ ಒಮ್ಮೆ ದಾಖಲೆದಾಗ ಬಿತ್ತಂದ್ರ ಅಳಸಾಕ ಬರೂದಿಲ್ಲ. ನಿನ್ನ ಕುರ್ಚಿ ಹೋಗ್ತೈತಿ. ಆ ಕುರ್ಚಿ ಸಿಕ್ಕಾಗ ನೀ ಹೆಂಗ ಕುಣಿದಿದ್ದಿ ಅನ್ನೂದು ನಾ ಮರ್ತಿಲ್ಲ."

ಅವನ ಹೆದರಿಕೆ ಸುಳ್ಳಾಗಿರಲಿಲ್ಲ. ಆ ಹೊತ್ತಿಗೆ ದೇಶದ ಪ್ರತಿಯೊಬ್ಬರಿಗೂ ಒಂದು ಆರೋಗ್ಯ ದಾಖಲೆ ಇತ್ತು. ಡಾಕ್ಟರು ಮುದ್ರೆಯೊತ್ತಿದ ರೋಗನಿರ್ಣಯ ಅದರಲ್ಲಿ ಸೇರಿದರೆ ಜೀವನಪೂರ್ತಿ ಅಲ್ಲೇ. ಕಾವಲಿನ ಕೆಲಸ ಕೊಡುವವರು ಅದನ್ನು ತೆರೆದು ನೋಡಬಹುದು. ಯಾವ ಯಾವ ತೊಂದರೆ ಇದ್ದವರನ್ನು ಕಾವಲಿಗೆ ಕೂರಿಸಬಾರದು ಎಂಬ ಹಳೆಯ ನಿಯಮದಲ್ಲಿ ಎಡಿಎಚ್‌ಡಿಯೂ ಇತ್ತು.

"ಇವತ್ತ ದಾವಲಣ್ಣ ಇದ್ರು, ಬಚಾವಾತು" ಎಂದಳು ನಂದಾ. "ಮರ ಸೀಳಿದ್ದು ನಾ ನೋಡಿಲ್ರಿ. ಆದ್ರ ಕಣ್ಣು ಮುಚ್ಚಿದ್ರ ಅದ ಕಾಣಾಕತ್ತೈತಿ."

ಫಕೀರೇಶ ರೊಟ್ಟಿಯ ತಾಟು ಅವಳ ಮುಂದಿಟ್ಟ. "ಉಣ್ಣು ಮೊದಲ. ನಾನೂ ಬರ್ತೀನಿ ಧಾರವಾಡಕ್ಕ."

ಧಾರವಾಡದಲ್ಲಿ ಆ ಡಾಕ್ಟರ ಪ್ರಯೋಗಾಲಯ ಹಳೆಯ ಬಂಗಲೆಯೊಂದರಲ್ಲಿತ್ತು. ಫಕೀರೇಶ ಹೊರಗೆ ಕಟ್ಟೆಯ ಮೇಲೆ ಕೂತ. ಡಾ. ಸುಲೋಚನಾ ಕಟಗೇರಿ ನಂದಾಳ ತಲೆಗೆ ಉಲ್ಲನ್ ಟೋಪಿಯಂಥದನ್ನು ತೊಡಿಸಿದರು. ಅದರೊಳಗೆ ನೂರಾರು ಸಣ್ಣ ದೀಪಗಳು. ಅವುಗಳ ಬೆಳಕು ತಲೆಬುರುಡೆ ದಾಟಿ ಒಳಗೆ ಹೋಗಿ ತಿರುಗಿ ಬರುತ್ತದೆ. ಮಿದುಳಿನ ಯಾವ ಭಾಗಕ್ಕೆ ರಕ್ತ ಓಡುತ್ತಿದೆ ಎಂಬುದನ್ನು ತಿರುಗಿ ಬಂದ ಬೆಳಕು ಹೇಳುತ್ತದೆ. ಅದರಿಂದ ಗಮನ ಎಲ್ಲಿದೆ, ಎಷ್ಟು ಗಟ್ಟಿಯಾಗಿದೆ ಎಂಬುದು ಪರದೆಯ ಮೇಲೆ ಒಂದು ಗೆರೆಯಾಗಿ ಮೂಡುತ್ತದೆ.

"ಇದು ಜ್ವರ ಅಳೆಯೋ ಕಡ್ಡಿ ಅಲ್ರಿ" ಎಂದರು ಡಾಕ್ಟರು. "ಇಷ್ಟ ಅಂಕಿ ಬಂತಂದ್ರ ಅದ, ಅಷ್ಟ ಬಂತಂದ್ರ ಇಲ್ಲ ಅನ್ನೋ ಹಂಗಿಲ್ಲ. ಇದು ತೋರಸ್ತದ, ಅಷ್ಟ. ತೀರ್ಮಾನ ಮಾಡೋದು ನಿಮ್ಮ ಜೀವನಾ ನೋಡಿ."

ನೀರೆತ್ತುವ ಪಂಪುಗಳ ಬಗ್ಗೆ ಒಂದು ಒಣ ಬರಹ ಓದಲು ಕೊಟ್ಟರು. ನಂದಾ ಓದಿದಳು. ಗೆರೆ ಏರಿತು, ಜಾರಿತು, ಏರಿತು, ಕುಸಿಯಿತು. ಓದು ಮುಗಿದಾಗ ಅವಳಿಗೆ ನೆನಪಿದ್ದದ್ದು ಕಿಟಕಿಯಾಚೆಯ ಅಳಿಲು, ಗೋಡೆಯ ಮೇಲಿನ ಬಣ್ಣದ ಬಿರುಕು, ಡಾಕ್ಟರ ಚಪ್ಪಲಿಯ ಕಿತ್ತ ಹೊಲಿಗೆ.

ಆಮೇಲೆ ಡಾಕ್ಟರು ಅವಳ ಕಿವಿಯ ಹಿಂದೆ ಒಂದು ಮಣಿ ಅಂಟಿಸಿದರು. ಹುಣಸೆ ಬೀಜದಷ್ಟೇ ಇತ್ತು. ಗಮನ ಜಾರಲು ಶುರುವಾದ ಕ್ಷಣವೇ ಅದು ತೀರ ಮೆಲ್ಲಗೆ ಮಿಡಿಯುತ್ತದೆ, ಕಿವಿಗೆ ಕೇಳುವುದಿಲ್ಲ, ಚರ್ಮಕ್ಕಷ್ಟೇ ತಿಳಿಯುತ್ತದೆ ಎಂದು ವಿವರಿಸಿದರು. ಇನ್ನೊಂದು ಬರಹ ಕೊಟ್ಟರು. ಅದೂ ಪಂಪಿನದೇ.

ಓದುತ್ತ ಓದುತ್ತ ನಂದಾಗೆ ಏನೋ ಬೇರೆ ಅನ್ನಿಸಿತು. ಫ್ಯಾನಿನ ಸದ್ದಿತ್ತು, ಅಳಿಲೂ ಇತ್ತು. ಇದ್ದಲ್ಲೇ ಇದ್ದವು. ಆದರೆ ಅವು ಅವಳನ್ನು ಕರೆಯಲಿಲ್ಲ. ಒಂದು ವಾಕ್ಯ ಮುಗಿದು ಇನ್ನೊಂದು ಬರುತ್ತಿತ್ತು, ಹಿಂದಿನದು ಮನಸ್ಸಿನಲ್ಲಿ ಉಳಿದಿರುತ್ತಿತ್ತು. ಬರಹ ಮುಗಿಯಿತು. ಅವಳು ಮತ್ತೊಂದು ಕೇಳಿ ತೆಗೆದುಕೊಂಡಳು. ಒಂದು ತಾಸು ಹಾಗೇ ಓದಿದಳು. ಮೈ ಚಿವುಟಿಕೊಳ್ಳಲಿಲ್ಲ. ಏನನ್ನೂ ಕಚ್ಚಲಿಲ್ಲ.

"ಎಲ್ಲಾರಿಗೂ ಹಿಂಗ ಇರ್ತೈತೇನ್ರಿ?" ಎಂದು ಕೇಳಿದಳು. "ದಿನಾ?"

"ಪೂರಾ ಹಿಂಗ ಅಲ್ಲ. ಆದ್ರ ಸುಮಾರು ಹಿಂಗ."

ನಂದಾ ನಕ್ಕಳು. ನಗುತ್ತಿದ್ದಂತೆಯೇ ಕಣ್ಣು ತುಂಬಿ ಬಂತು. ನಲವತ್ತು ವರ್ಷ ತಾನು ಸೋಮಾರಿ, ಹೊಣೆಗೇಡಿ ಎಂದು ನಂಬಿದ್ದಳು. ಉಳಿದವರೆಲ್ಲ ತನ್ನಷ್ಟೇ ಒದ್ದಾಡುತ್ತಾರೆ, ಆದರೆ ತನಗಿಂತ ಗಟ್ಟಿಗರು ಎಂದುಕೊಂಡಿದ್ದಳು. ಡಾಕ್ಟರು ಅವಸರ ಮಾಡದೆ ಚಹಾ ತರಿಸಿದರು.

ಆಮೇಲೆ ಮಣಿ ತೆಗೆದುಕೊಂಡು ಹೇಳಿದರು. "ಇವತ್ತಿಂದು ನನ್ನ ನಿಮ್ಮ ನಡುವಿನ ಮಾತು. ಎಲ್ಲೂ ದಾಖಲಾಗೂದಿಲ್ಲ. ನಿಮ್ಮ ಬಗ್ಗೆ ನಿಮಗ ಗೊತ್ತಾತು, ಅದ ಸಾಕು ಅನ್ನಿಸಿದ್ರ ಮನಿಗೆ ಹೋಗ್ರಿ. ಭಾಳ ಮಂದಿ ಹಂಗ ಹೋಗ್ತಾರ, ಅದು ತಪ್ಪಲ್ಲ. ಮಣಿ ಬೇಕು, ಕೆಲಸದಾಗ ಅನುಕೂಲ ಬೇಕು ಅಂದ್ರ ಮಾತ್ರ ಮುದ್ರೆ ಬೇಕಾಗ್ತದ. ಅದಕ್ಕ ಕಾನೂನು ಇನ್ನೊಂದು ಕೇಳ್ತದ. ಸಣ್ಣಾಕಿ ಇದ್ದಾಗ ನಿಮ್ಮನ್ನ ದಿನಾ ನೋಡಿದವರು ಒಬ್ರು ಬಂದು ಹೇಳಬೇಕು. ಇದು ನಿನ್ನೆ ಮೊನ್ನೆ ಬಂದದ್ದಲ್ಲ ಅನ್ನೋದಕ್ಕ ಸಾಕ್ಷಿ."

ಅಂಥವರು ನಂದಾಗೆ ಒಬ್ಬಳೇ ಇದ್ದಳು, ಅಕ್ಕ ನೀಲಗಂಗಾ. ತಾಯಿ ಬೇಗ ತೀರಿಕೊಂಡಿದ್ದಳು. ಎಂಟು ವರ್ಷ ಹಿರಿಯಳಾದ ನೀಲಕ್ಕನೇ ತಂಗಿಯನ್ನು ಬೆಳೆಸಿದವಳು. ಆದರೆ ಅಕ್ಕ ಎಂದರೆ ನಂದಾಳ ನೆನಪಿನಲ್ಲಿ ಪ್ರೀತಿಗಿಂತ ಪಹರೆಯೇ ಹೆಚ್ಚು. ಬಾಗಿಲಲ್ಲಿ ನಿಲ್ಲಿಸಿ ಚೀಲ ಬಿಚ್ಚಿ ನೋಡುವವಳು, ಓದುವಾಗ ಎದ್ದೇಳಲು ಬಿಡದವಳು, ಪರೀಕ್ಷೆಯ ದಿನ ಶಾಲೆಯ ಗೇಟಿನವರೆಗೂ ಹಿಂದೆ ಬರುವವಳು. ಲಗ್ನವಾದ ಮೇಲೆ ನಂದಾ ಆ ಪಹರೆಯಿಂದ ಪಾರಾದೆನೆಂದು ನಿಟ್ಟುಸಿರು ಬಿಟ್ಟಿದ್ದಳು. ಬೆಟಗೇರಿಯಲ್ಲಿದ್ದ ಅಕ್ಕನ ಮನೆ ಕೂಗಳತೆಯಲ್ಲಿದ್ದರೂ ಹಬ್ಬಕ್ಕೆ ಹೋಗಿ ಬಂದರೆ ಆಯಿತು ಎಂಬಂತಿತ್ತು.

ನೀಲಕ್ಕ ಇಳಕಲ್ ಸೀರೆಯ ಸೆರಗನ್ನು ತೊಡೆಯ ಮೇಲೆ ಹರವಿಕೊಂಡು ಕಸೂತಿ ಹಾಕುತ್ತಿದ್ದಳು. ಆ ಕೆಲಸಕ್ಕೆ ಅವಳ ಹೆಸರು ದೂರದೂರದವರೆಗೆ ಗೊತ್ತಿತ್ತು. ಎಳೆ ಎಣಿಸುತ್ತಲೇ ತಂಗಿಯ ಮಾತೆಲ್ಲ ಕೇಳಿದಳು. ಕೇಳಿ, ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

"ನಾ ಬರಂಗಿಲ್ಲ."

"ಅಕ್ಕಾ, ಇದ್ದದ್ದು ಇದ್ದಂಗ ಹೇಳಿದ್ರ ಆತು..."

"ನೀ ಸಣ್ಣಾಕಿದ್ದಾಗ ಓಣ್ಯಾಗಿನ ಮಂದಿ ಎಲ್ಲಾ ನಿನಗ ತಲಿ ನೆಟ್ಟಗಿಲ್ಲದ ಮಳ್ಳಿ ಅಂತಿದ್ರು. ಒಬ್ಬೊಬ್ಬರ ಮನಿ ಮುಂದ ನಿಂತು ಜಗಳಾ ಮಾಡಿ ಬಾಯಿ ಮುಚ್ಚಿಸಿ ಬಂದೀನಿ ನಾ. ನಮ್ಮ ನಂದಾಗ ಏನೂ ಆಗಿಲ್ಲ ಅಂತ. ಈಗ ಸರ್ಕಾರದ ಮುಂದ ಹೋಗಿ, ಹೌದ್ರಿ, ಅವರು ಹೇಳಿದ್ದ ಖರೆ ಇತ್ತು ಅಂತ ನನ್ನ ಬಾಯಿಲೆ ಹೇಳ್ಲೇನು?"

ನಂದಾಗೆ ಈ ಜಗಳದ ವಿಷಯ ಗೊತ್ತಿರಲಿಲ್ಲ. ಎದ್ದು ಚಪ್ಪಲಿ ಮೆಟ್ಟಿಕೊಂಡಳು. ಬಾಗಿಲಲ್ಲಿ ತಿರುಗಿ, "ಮಣಿ ಹಚ್ಚಿದಾಗ ಒಂದು ತಾಸು ತಲಿಯೊಳಗ ಗದ್ದಲನ ಇರಲಿಲ್ಲ ಅಕ್ಕಾ. ಹಂಗ ಇರ್ತೈತಿ ಅಂತ ನನಗ ಗೊತ್ತ ಇರಲಿಲ್ಲ" ಎಂದಷ್ಟೇ ಹೇಳಿ ಹೊರಟಳು.

ಅಕ್ಕ ಒಲ್ಲೆನೆಂದದ್ದು ಒಂದು ರೀತಿಯಲ್ಲಿ ಸಮಾಧಾನವನ್ನೂ ಕೊಟ್ಟಿತು. ಸಾಕ್ಷಿ ಇಲ್ಲದಿದ್ದರೆ ಮುದ್ರೆ ಇಲ್ಲ, ಮುದ್ರೆ ಇಲ್ಲದಿದ್ದರೆ ಕುರ್ಚಿ ಉಳಿಯುತ್ತದೆ. ಇನ್ನು ಮೇಲೆ ಹೆಚ್ಚು ಹುಷಾರಾಗಿದ್ದರಾಯಿತು. ಹಾಗಂದುಕೊಂಡೇ ಕೇಂದ್ರಕ್ಕೆ ಹೋದಳು. ಹುಷಾರಾಗಿರುವುದನ್ನೇ ಅಲ್ಲವೇ ತಾನು ಇಷ್ಟು ವರ್ಷ ಮಾಡಿದ್ದು ಎಂಬುದು ಮಧ್ಯಾಹ್ನದ ಹೊತ್ತಿಗೆ ನೆನಪಾಯಿತು.

ಬುತ್ತಿ ಬಿಚ್ಚಿಕೊಂಡು ಕೂತಾಗ ದಾವಲಸಾಬರಿಗೆ ಎಲ್ಲ ಹೇಳಿದಳು. ಅವರು ಸಾವಕಾಶವಾಗಿ ಉಂಡರು. ಉಂಡು ಕೈತೊಳೆದು ಬಂದು ಕೂತರು.

"ತಿಳಿ ಆಕಾಶದ ದಿನ ನಿನ್ನ ಬಾಜೂಕಿನ ಕುರ್ಚಿ ನಾನ ಕೇಳಿ ಹಾಕಿಸ್ಕೋತೀನಿ. ಗೊತ್ತೈತೇನು?"

ನಂದಾ ಅವರ ಮುಖ ನೋಡಿದಳು. "ಇಲ್ಲ. ಯಾವಾಗಿಂದ?"

"ಭಾಳ ವರ್ಷ ಆತು. ಅದಕ್ಯಾಕ ಮುಖ ಸಣ್ಣದ ಮಾಡ್ತಿ? ಮಳಿ ಗದ್ದಲದಾಗ ನನ್ನ ಕಣ್ಣು ಅಷ್ಟ ಲಗೂ ತಿರಗೂದಿಲ್ಲ, ಆವಾಗ ನೀ ನನ್ನ ಊರುಗಳನ್ನೂ ನೋಡ್ಕೋತಿ. ನಾ ಏನರ ಅಂದೀನೇನು? ಬರೋಬ್ಬರಿ ಆತು, ಬಿಡು." ಬುತ್ತಿಯ ಡಬ್ಬಿ ಮುಚ್ಚಿ ಮುಂದುವರಿಸಿದರು. "ಆದ್ರ ಸೆಪ್ಟೆಂಬರ್‌ದಾಗ ನಾ ರಿಟೈರ್ ಆಗ್ತೀನಿ. ಆಮ್ಯಾಲ? ಹೊಸದಾಗಿ ಬರೋರಿಗೆ ಏನಂತ ಹೇಳ್ತಿ? ನಾ ಮಾಡಿದ್ದು ಪ್ರೀತಿಲೆ ಮಾಡಿದ್ದು, ನಾ ಎದ್ದು ಹೋದ್ರ ಅದೂ ಎದ್ದು ಹೋತು. ಹಕ್ಕಿನಿಂದ ಬಂದದ್ದು ಇದ್ರ ಮಂದಿ ಬದಲಾದ್ರೂ ಉಳಿತೈತಿ."

"ಮುದ್ರೆ ಬಿದ್ರ ಕುರ್ಚೀನ ಹೋದೀತಲ್ಲ ದಾವಲಣ್ಣ?"

"ಹೋದ್ರೂ ಹೋದೀತು. ಇಲ್ಲ ಅಂತ ಸುಳ್ಳು ಹೇಳಂಗಿಲ್ಲ ನಾ."

ಆ ಸಂಜೆ ಪಾಳಿ ಮುಗಿಸಿ ಬರುವಾಗ ನಂದಾಗೆ ಒಂದು ವಿಷಯ ಖಚಿತವಾಯಿತು. ಮುದ್ರೆ ಬೇಡವೆಂದರೆ ತಾನು ಉಳಿಸಿಕೊಳ್ಳುವುದು ಬರೀ ಕುರ್ಚಿಯನ್ನು. ಆ ಕುರ್ಚಿಯಲ್ಲಿ ಕೂತು ಮಾಡಬೇಕಾದ ಕೆಲಸವನ್ನು ಇಷ್ಟು ದಿನ ಇಬ್ಬರು ಸೇರಿ ಮಾಡಿದ್ದರು. ಒಬ್ಬರು ಹೊರಟು ನಿಂತಿದ್ದರು.

ನೀಲಕ್ಕನ ಫೋನು ಬಂದದ್ದು ಕೆಲವು ದಿನ ಕಳೆದ ಮೇಲೆ. ಹಲೋ ಎನ್ನದೆಯೇ, "ಗದ್ದಲ ಅಂದ್ರ ಎಂಥಾ ಗದ್ದಲ?" ಎಂದಳು.

ನಂದಾ ಹೇಳಲು ಯತ್ನಿಸಿದಳು. ಸಂತೆಯ ನಡುವೆ ನಿಂತಂತೆ, ಎಲ್ಲರೂ ನಿನ್ನ ಹೆಸರು ಹಿಡಿದು ಕೂಗಿದಂತೆ, ಯಾರಿಗೆ ಮೊದಲು ಓಗೊಡಬೇಕೋ ತಿಳಿಯದಂತೆ.

"ಸಣ್ಣಾಕಿ ಇದ್ದಾಗಿಂದನೂ?"

"ಹೂಂ ಅಕ್ಕಾ."

ಆ ಕಡೆ ಕತ್ತರಿ ಕೆಳಗಿಟ್ಟ ಸದ್ದಾಯಿತು. ನೀಲಕ್ಕ, "ಯಾವಾಗ ಹೋಗೂದು ಹೇಳು, ತಯಾರಾಗ್ತೀನಿ" ಎಂದಳು.

ಧಾರವಾಡದಲ್ಲಿ ನೀಲಕ್ಕ ಕುರ್ಚಿಯ ತುದಿಯಲ್ಲಿ ಕೂತು, ಸೆರಗು ಬಿಗಿದುಕೊಂಡು, ಡಾಕ್ಟರು ಕೇಳಿದ್ದಕ್ಕೆಲ್ಲ ಉತ್ತರ ಹೇಳಿದಳು. ಮೊದಲು ಕೋರ್ಟಿನಲ್ಲಿ ಹೇಳುವವರಂತೆ ಹೇಳುತ್ತಿದ್ದಳು. ಬರಬರುತ್ತ ದನಿ ಸಡಿಲವಾಯಿತು. ತಂಗಿ ಪೇಟೆಗೆ ಹೋಗಿ ತರಬೇಕಾದ್ದು ಬಿಟ್ಟು ಬೇರೆ ತಂದದ್ದು, ಗೊಂಬೆಯಾಟ ನೋಡುತ್ತ ಊರಾಚೆಯವರೆಗೆ ಹೋದದ್ದು, ಗಣಿತದಲ್ಲಿ ಕಷ್ಟದ ಲೆಕ್ಕ ಬಿಡಿಸಿ ಸುಲಭದ್ದನ್ನು ತಪ್ಪು ಮಾಡಿದ್ದು.

"ಮತ್ತ ಡಿಗ್ರಿ ಹೆಂಗ ಮುಗಿಸಿದ್ರು ಇವರು?" ಎಂದರು ಡಾಕ್ಟರು.

"ನಾ ಬಾಜೂಕ ಕೂಡ್ತಿದ್ದೆ."

"ಕಲಸ್ತಿದ್ರೇನು?"

"ನನಗೇನ್ ಬರ್ತೈತ್ರಿ ಕಲಸಾಕ! ಸುಮ್ನ ಕೂಡ್ತಿದ್ದೆ. ಒಮ್ಮೆ ಹಂಗ ಕುಂತಾಗ ನೋಡಿದೆ, ನಾ ಕುಂತ್ರ ಇಕಿ ಓದತಿದ್ಲು, ನಾ ಎದ್ರ ಇಕೀನೂ ಏಳ್ತಿದ್ಲು. ಅದಕ್ಕ ನಾ ಏಳೂದ ಬಿಟ್ಟೆ. ಸುಮ್ನ ಕುಂತ್ರ ಬ್ಯಾಸರ ಆಗ್ತಿತ್ತು, ಒಂದು ಬಟ್ಟಿ ಸೂಜಿ ಹಿಡಕೊಂಡೆ. ಇಕಿ ಮನಸು ಎಲ್ಲೆರೆ ಹೋತಂದ್ರ ನನ್ನ ಮೊಣಕಾಲು ಇಕಿ ಮೊಣಕಾಲಿಗೆ ತಾಕಸ್ತಿದ್ದೆ. ಬೈದ್ರ ಅಳ್ತಿದ್ಲು. ತಾಕಿಸಿದ್ರ ತಿರುಗಿ ಬರ್ತಿದ್ಲು."

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. ಡ್ರಾಯರಿನಿಂದ ಮಣಿ ತೆಗೆದು ನೀಲಕ್ಕನ ಅಂಗೈ ಮೇಲಿಟ್ಟರು. "ಇದು ಮಾಡೂದೂ ಅಷ್ಟ ನೋಡ್ರಿ, ನೀಲಗಂಗಾ ಅವರ. ಬೈಯೂದಿಲ್ಲ. ಬಾಜೂಕ ಕೂತು ಮುಟ್ಟಸ್ತದ. ಇಷ್ಟು ಕಂಡು ಹಿಡೀಲಿಕ್ಕೆ ನಮಗ ಭಾಳ ವರ್ಷ ಹಿಡೀತು."

ನೀಲಕ್ಕ ಮಣಿಯನ್ನು ಹೊರಳಿಸಿ ನೋಡಿದಳು. ನಂದಾ ಅಕ್ಕನ ಮೊಣಕಾಲನ್ನೇ ನೋಡಿದಳು. ಓದುವ ಮಣೆ, ಚಿಮಣಿಯಂಥ ಮಂದ ದೀಪ, ಮೊಣಕಾಲಿಗೆ ತಾಕುವ ಮೊಣಕಾಲು, ಎಲ್ಲ ನೆನಪಿತ್ತು. ಅದನ್ನು ಇಷ್ಟು ದಿನ ಕಾಟ ಎಂದುಕೊಂಡಿದ್ದಳು.

ಹೊರಗೆ ಬಂದು ಬಂಗಲೆಯ ಕಟ್ಟೆಯ ಮೇಲೆ ಕೂತಾಗ, "ನಿನ್ನ ಹರೇದ ದಿನಾ ಎಲ್ಲಾ ನನ್ನ ಬಾಜೂಕ ಕುಂತು ಕಳದ್ಯಲ್ಲ ಅಕ್ಕಾ" ಎಂದಳು.

"ಹುಚ್ಚಿ" ಎಂದಳು ನೀಲಕ್ಕ. "ನಾ ಕಸೂತಿ ಎಲ್ಲಿ ಕಲ್ತೆ ಅಂತ ಮಾಡೀದಿ? ನಿನ್ನ ಬಾಜೂಕ ಕುಂತಾಗನ ಕಲ್ತದ್ದು. ಅದರ ಮ್ಯಾಲ ನನ್ನ ಸಂಸಾರ ನಡೀತು. ನೀ ಲಗೂ ಓದಿ ಏಳೋ ಹುಡುಗಿ ಆಗಿದ್ರ ನನಗ ಒಂದು ಎಳೀನೂ ಎಣಸಾಕ ಬರ್ತಿರಲಿಲ್ಲ."

ಇಬ್ಬರೂ ನಕ್ಕರು. ನಂದಾ ಅಕ್ಕನ ಕೈ ಹಿಡಿದುಕೊಂಡು ಬಸ್ಸು ಬರುವವರೆಗೂ ಬಿಡಲಿಲ್ಲ.

ಮುದ್ರೆಯೊತ್ತಿಸುವ ದಿನ ಬೆಳಿಗ್ಗೆ ಅವಳು ಫಕೀರೇಶನನ್ನು ಕೊನೆಯ ಸಲ ಕೇಳಿದಳು. ಅವನು ಒಲೆಯ ಮುಂದೆ ನಿಂತಿದ್ದ. "ಒತ್ತಿಸಿದ್ರೂ ಹಾಲು ನಾನ ನೋಡ್ಕೋಬೇಕು, ಒತ್ತಿಸದಿದ್ರೂ ನಾನ ನೋಡ್ಕೋಬೇಕು. ನಿನಗ ಯಾವದು ಹಗೂರ ಅನಸ್ತೈತೋ ಅದನ್ನ ಮಾಡು" ಎಂದ. ಅವನ ಕಣ್ಣಿನಲ್ಲಿ ಹೆದರಿಕೆ ಇನ್ನೂ ಇತ್ತು. ಅದನ್ನು ಇಟ್ಟುಕೊಂಡೇ ಹಾಗಂದನಲ್ಲ ಎಂದು ನಂದಾಗೆ ಅವನ ಮೇಲೆ ಎಂದೂ ಇಲ್ಲದ ಅಕ್ಕರೆ ಬಂತು.

ಮುದ್ರೆ ಬಿತ್ತು. ಕುರ್ಚಿಯೂ ಹೋಯಿತು. ಕೇಂದ್ರದ ನಿರ್ದೇಶಕಿ ಅವಳನ್ನು ಕರೆಸಿ, ನಿಯಮ ತನ್ನ ಕೈಯಲ್ಲಿಲ್ಲ ಎಂದು ಬೇಸರದಿಂದಲೇ ಹೇಳಿ, ತಟ್ಟೆಗಳ ದುರಸ್ತಿ ತಂಡಕ್ಕೆ ಹಾಕಿದರು. ಕಿವಿಯ ಹಿಂದೆ ಮಣಿ ಇಟ್ಟುಕೊಂಡು ನಂದಾ ಗಾಳಿಯಂತ್ರಗಳ ಕಂಬ ಹತ್ತಿದಳು. ಮೇಲೆ ಗಾಳಿ, ಕೆಳಗೆ ಎರೆಭೂಮಿಯ ಕಪ್ಪು. ಮೊದಲ ಕೆಲವು ದಿನ ಖುಷಿಯಾಯಿತು. ಆಮೇಲೊಂದು ದಿನ ದೂರದ ಊರಿನ ಸೈರನ್ ಕೇಳಿಸಿದಾಗ, ಯಾರು ಒತ್ತಿದರೋ, ಸರಿಯಾದ ಹೊತ್ತಿಗೆ ಒತ್ತಿದರೋ ಎಂದು ಜೀಪಿನಲ್ಲಿ ಮುಖ ತಿರುಗಿಸಿಕೊಂಡು ಅತ್ತಳು. ದಾಖಲೆಯಲ್ಲಿ ಬಿದ್ದದ್ದನ್ನು ಅಳಿಸಲು ಬರುವುದಿಲ್ಲ ಎಂಬ ಮಾತು ಅವತ್ತು ಚುಚ್ಚಿತು.

ಆದರೆ ಅದೇ ಮುದ್ರೆ ಅವಳಿಗೆ ಮೊದಲು ಇಲ್ಲದ್ದೊಂದನ್ನು ಕೊಟ್ಟಿತ್ತು. ತನ್ನ ಮಾತು ಕೇಳಿ ಎಂದು ಕೇಂದ್ರವನ್ನು ಕೇಳುವ ಹಕ್ಕು. ಜುಲೈಯಲ್ಲಿ ವಿಚಾರಣೆ ನಡೆಯಿತು. ನಂದಾ ಉದ್ದದ ಮಾತೇನೂ ಆಡಲಿಲ್ಲ. "ನನ್ನೊಬ್ಬಾಕಿನ್ನ ಅಳೀಬ್ಯಾಡ್ರಿ. ತಿಳಿ ಆಕಾಶದ ದಿನ ಎಲ್ಲಾರೂ ಧಾರವಾಡದ ಡಾಕ್ಟರ ದೀಪದ ಟೊಪ್ಪಿಗಿ ಹಾಕ್ಕೊಂಡು ಕುಂದರ್ಲಿ. ನಾನೂ ಮಣಿ ಇಟ್ಟುಕೊಂಡು ಕುಂದರ್ತೀನಿ. ಆಮ್ಯಾಲ ನೀವು ಏನ ಹೇಳಿದ್ರೂ ಕೇಳ್ತೀನಿ" ಎಂದಳು.

ಕಾವಲಿನವರು ಒಬ್ಬರ ಮುಖ ಒಬ್ಬರು ನೋಡಿದರು. ತಮ್ಮ ತಲೆಯೊಳಗಿನದು ಗೋಡೆಯ ಮೇಲೆ ಕಾಣುವುದು ಯಾರಿಗೆ ಬೇಕು? ದಾವಲಸಾಬರು ಎದ್ದು, ತಲೆಯ ಮೇಲಿನ ಬಿಳಿ ಟೋಪಿ ತೆಗೆದು ಕಿಸೆಗೆ ಹಾಕಿಕೊಂಡು, "ಮೊದಲ ನನಗ ಹಾಕ್ರಿ" ಎಂದರು. ಅವರ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಒಪ್ಪಿದರು.

ಮಳೆ ಬಿಡುವು ಕೊಟ್ಟ ಒಂದು ವಾರ ಡಾ. ಕಟಗೇರಿಯವರ ತಂಡ ಕೇಂದ್ರದಲ್ಲೇ ಬೀಡುಬಿಟ್ಟಿತು. ಖಾಲಿ ನಕಾಶೆಯ ಮುಂದೆ ಎಲ್ಲರ ಗೆರೆಯೂ ಕುಸಿಯಿತು. ಕೆಲವರದು ಬೇಗ, ಕೆಲವರದು ತಡವಾಗಿ. ಮಣಿಯಿಲ್ಲದ ನಂದಾಳದು ಎಲ್ಲರಿಗಿಂತ ಮೊದಲು. ಮಣಿ ಇಟ್ಟುಕೊಂಡಾಗ ಅವಳ ಗೆರೆ ಉಳಿದವರ ಗೆರೆಗಳ ನಡುವೆ ಸೇರಿಹೋಗಿ, ಅದನ್ನು ಹುಡುಕಲು ನಿರ್ದೇಶಕಿ ಕನ್ನಡಕ ಹಾಕಿಕೊಳ್ಳಬೇಕಾಯಿತು.

ಹೊಸ ನಿಯಮ ಬಂತು. ತಿಳಿ ಆಕಾಶದ ಪಾಳಿಯಲ್ಲಿ ಯಾರೂ ಒಬ್ಬರೇ ಕೂರಬಾರದು, ಇಬ್ಬರು ಒಂದೇ ಮೇಜಿಗೆ ಕೂತು ಆಗಾಗ ಬದಲಾಗಬೇಕು. ನಂದಾ ಮಣಿಯೊಂದಿಗೆ ಕುರ್ಚಿಗೆ ಮರಳಬಹುದು, ಒಂದು ವರ್ಷ ಪರೀಕ್ಷೆಯ ಮೇಲೆ. ಪೂರ್ತಿ ಗೆಲುವೇನೂ ಅಲ್ಲ ಅದು. ಬೇರೆ ಊರಿನ ಕೇಂದ್ರಗಳಲ್ಲಿ ಹಳೆಯ ನಿಯಮವೇ ಇತ್ತು. ಆದರೂ ಆದೇಶ ಕೈಗೆ ಬಂದ ದಿನ ಅವಳು ಪೇಢೆ ತೆಗೆದುಕೊಂಡು ಮೊದಲು ಬೆಟಗೇರಿಗೆ ಹೋದಳು, ಆಮೇಲೆ ಮುದ್ರಣಾಲಯಕ್ಕೆ, ಆಮೇಲೆ ಕೇಂದ್ರಕ್ಕೆ.

ಸೆಪ್ಟೆಂಬರ್ ಕೊನೆಯಲ್ಲಿ ದಾವಲಸಾಬರ ಬೀಳ್ಕೊಡುಗೆ. ನಕಾಶೆಯ ಕೊಠಡಿಯ ಪಕ್ಕದ ಸಭಾಂಗಣದಲ್ಲಿ ಗಿರ್ಮಿಟ್ಟು, ಮಿರ್ಚಿ ಭಜಿ, ಚಹಾ. ನಕಾಶೆಯ ಮುಂದೆ ಪಾಳಿಯ ಇಬ್ಬರಷ್ಟೇ ಉಳಿದಿದ್ದರು. ನಂದಾ ಏನೇನು ಮಾತಾಡಬೇಕೆಂದು ವಾರದಿಂದ ಯೋಚಿಸಿದ್ದಳು. ಅವಳ ಸರದಿ ಬರುವ ಮೊದಲೇ, ನಿರ್ದೇಶಕಿ ಅವರಿಗೆ ಶಾಲು ಹೊದಿಸಿ ಹೊಗಳುತ್ತಿದ್ದಾಗಲೇ, ಪೂರ್ವದ ಕಡೆ ಗುಡುಗಿತು. ಬಾಗಿಲಿನಿಂದ ಕಾಣುತ್ತಿದ್ದ ನಕಾಶೆಯ ಅಂಚು ಹಳದಿಯಾಯಿತು. ಮಾತು ಅರ್ಧಕ್ಕೇ ನಿಂತು ಉಳಿದವರೂ ತಮ್ಮ ತಮ್ಮ ಮೇಜಿಗೆ ಓಡಿದರು.

ಹಿಂಗಾರಿನ ಮೋಡ ಮೊದಲು ಒಂದೇ ಇತ್ತು. ತಾಸೆರಡು ತಾಸು ಅಲ್ಲೇ ತಡವರಿಸಿತು, ಹಳದಿಯಾಗಿ ತಿಳಿಯಾಗಿ ಮತ್ತೆ ಹಳದಿಯಾಗಿ ಕಣ್ಣಿಗೆ ಬೇಸರ ಬರಿಸಿತು. ನಂದಾಳ ಮನಸ್ಸು ಎರಡು ಮೂರು ಸಲ ಜಾರಲು ಹೊರಟಿತು. ಮಣಿ ಮಿಡಿಯಿತು, ಅವಳು ತಿರುಗಿ ಬಂದಳು. ಪಕ್ಕದಲ್ಲಿ ಕೂತ ಹೊಸ ಹುಡುಗಿಗೆ, "ನೀ ಗಾಳಿ ನೋಡು, ನಾ ಬಣ್ಣಾ ಬಿಡಂಗಿಲ್ಲ" ಎಂದಳು. ಆಮೇಲೆ ಮೋಡ ಒಮ್ಮೆಲೇ ಒಡೆದು ಹರಡಿತು. ಒಂದರ ಹಿಂದೊಂದು ಊರು ಕೇಸರಿಯಾಯಿತು. ಸೈರನ್‌ಗಳು ಕೂಗಿದವು.

ಎಲ್ಲ ಮುಗಿದು ನಂದಾ ಸಭಾಂಗಣಕ್ಕೆ ಬಂದಾಗ ದಾವಲಸಾಬರು ಶಾಲು ಹೊದ್ದುಕೊಂಡೇ ಕೂತಿದ್ದರು. ಕುರ್ಚಿಯನ್ನು ನಕಾಶೆಗೆ ಬೆನ್ನು ಮಾಡಿ ತಿರುಗಿಸಿಕೊಂಡು, ಆರಿದ ಮಿರ್ಚಿ ತಿನ್ನುತ್ತಿದ್ದರು. ಇಷ್ಟು ಹೊತ್ತಿನಲ್ಲಿ ಒಮ್ಮೆಯೂ ಅವರು ಎದ್ದು ಬಂದು ಇಣುಕಿರಲಿಲ್ಲ.

"ಮುಗೀತೇನು?"

"ಮುಗೀತು ದಾವಲಣ್ಣ. ಹೊಲದಾಗಿದ್ದವರೆಲ್ಲಾ ಒಳಗ ಹೋಗಿದ್ರು."

"ಚೊಲೋ ಆತು. ಹಂಗಾರ ನಾ ಮನಿಗೆ ಹೋಗ್ತೀನಿ."

ನಂದಾ ಮಣಿಯನ್ನು ಬಿಚ್ಚಿ ಮೇಜಿನ ಮೇಲಿಟ್ಟು ಅವರ ಜೊತೆ ಗೇಟಿನವರೆಗೆ ನಡೆದಳು. ನೆಲದಿಂದ ಹಸಿ ಎರೆಮಣ್ಣಿನ ವಾಸನೆ ಏಳುತ್ತಿತ್ತು. 

"ದಾವಲಣ್ಣ, ಇಷ್ಟು ವರ್ಷ ನೀವು..."

"ಗೊತ್ತಾತು ಬಿಡವ್ವ" ಎಂದು ಅವರು ಅವಳ ತಲೆಯ ಮೇಲೆ ಕೈಯಿಟ್ಟು, ಶಾಲು ಸರಿಮಾಡಿಕೊಂಡು ಹೊರಟರು.

ಬೀದಿಯಲ್ಲಿ ಮಕ್ಕಳು ನೀರು ಎರಚಾಡುತ್ತಿದ್ದರು, ಆಟೋಗಳು ಹಾರ್ನ್ ಹೊಡೆಯುತ್ತಿದ್ದವು, ತಂತಿಯ ಮೇಲೆ ಹಕ್ಕಿಗಳು ರೆಕ್ಕೆ ಕೊಡವುತ್ತಿದ್ದವು. ಆ ಬಿಳಿ ಟೋಪಿ ತಿರುವಿನಲ್ಲಿ ಮರೆಯಾಗುವವರೆಗೂ ನಂದಾ ಅದನ್ನೇ ನೋಡುತ್ತ ನಿಂತಳು. ಅವಳ ಮನಸ್ಸು ಬೇರೆಲ್ಲಿಗೂ ಹೋಗಲಿಲ್ಲ.